ದೀಪ ಮುಟ್ಟದ ಹುಡುಗ

ಸೋಮವಾರ ಬೆಳಿಗ್ಗೆ ಪೆಟ್ಟಿಗೆ ತೆರೆದಾಗ ಟ್ಯಾಪಿಂಗ್ ಕತ್ತಿಗಳು ಐದೇ ಇದ್ದವು. ಆರಿರಬೇಕಿತ್ತು. ಹುಡುಗರಿಗೆ ರಬ್ಬರ್ ಹಾಲು ತೆಗೆಯಲು ಕಲಿಸುವ ಮೇಸ್ತ್ರಿ, ಕೊಕ್ಕಡ ಕಡೆಯ ಹಿರಿಯ ಮನುಷ್ಯ, ಎರಡು ಸಲ ಎಣಿಸಿದರು. ಆಮೇಲೆ ನನ್ನನ್ನು ಕರೆದು, “ಮೇಡಂ, ನೀವೊಮ್ಮೆ ಎಣಿಸಿ ನೋಡಿ. ನನ್ನ ಕಣ್ಣಿಗೆ ಎಂತದೋ ಆಗಿದೆ” ಎಂದರು. ಅವರ ಕಣ್ಣಿಗೆ ಏನೂ ಆಗಿರಲಿಲ್ಲ.

ಟ್ಯಾಪಿಂಗ್ ಕತ್ತಿ ಎಂದರೆ ಅಂಗೈಗಿಂತ ತುಸು ಉದ್ದದ್ದು, ತುದಿ ಬಾಗಿದ್ದು. ಮರದ ತೊಗಟೆಯನ್ನು ಕಾಗದದಷ್ಟು ತೆಳ್ಳಗೆ ಕೀಸಿ ತೆಗೆಯುತ್ತದೆ. ಮನುಷ್ಯರ ಚರ್ಮ ಅದಕ್ಕೆ ಯಾವ ಲೆಕ್ಕ? ಅಂಥದ್ದೊಂದು ಹದಿನಾಲ್ಕು ಹುಡುಗರು ಮಲಗುವ ಮನೆಯಲ್ಲಿ ಕಾಣೆಯಾಗಿತ್ತು.

ನಾನು ಆಗ ಬಂಟ್ವಾಳದಿಂದ ಸ್ವಲ್ಪ ಒಳಗಿರುವ ಒಂದು ವಸತಿಗೃಹದಲ್ಲಿ ಆಪ್ತಸಮಾಲೋಚಕಿಯಾಗಿದ್ದೆ. ಕಳ್ಳತನ, ಹೊಡೆದಾಟ ಎಂದು ಪೊಲೀಸರ ಕೈಗೆ ಸಿಕ್ಕಿದ ಹದಿನೆಂಟು ದಾಟದ ಹುಡುಗರನ್ನು ಬಾಲ ನ್ಯಾಯ ಮಂಡಳಿ ಅಲ್ಲಿಗೆ ಕಳಿಸುತ್ತಿತ್ತು. ಕಡತದಲ್ಲಿ ಅವರು ‘ಕಾನೂನಿನೊಂದಿಗೆ ಸಂಘರ್ಷದಲ್ಲಿರುವ ಮಕ್ಕಳು’. ಗೇಟಿನ ಹೊರಗಿನ ಅಂಗಡಿಯವನ ಬಾಯಲ್ಲಿ ‘ಆ ಕಳ್ಳ ಮಕ್ಕಳು’. ದೊಡ್ಡ ಹುಡುಗರಲ್ಲಿ ಆರು ಜನರಿಗೆ ಪಕ್ಕದ ತೋಟದಲ್ಲಿ ರಬ್ಬರ್ ಕೆಲಸ ಕಲಿಸೋಣ, ಹೊರಗೆ ಹೋದ ಮೇಲೆ ಕೈಯಲ್ಲೊಂದು ಕಸುಬಿರಲಿ ಎಂದು ಹಟ ಹಿಡಿದವಳು ನಾನೇ. ಕತ್ತಿ ಕೊಡುವುದು ಬೇಡ ಎಂದು ಅಧೀಕ್ಷಕರು ಆಗಲೇ ಹೇಳಿದ್ದರು. ಕೋಪ ನನ್ನ ಮೂಗಿನ ತುದಿಯಲ್ಲೇ ಇರುವುದು. ಜಗಳ ಮಾಡಿ ಒಪ್ಪಿಸಿದ್ದೆ.

ಈಗ ಅಧೀಕ್ಷಕರು ಜಗಳಕ್ಕೂ ಬರಲಿಲ್ಲ. “ಠಾಣೆಗೆ ತಿಳಿಸಬೇಕಾಗ್ತದೆ” ಎಂದರು, ಅಷ್ಟೇ.

“ಬುಧವಾರದವರೆಗೆ ಸಮಯ ಕೊಡಿ ಸರ್. ಗುಂಪಿನಲ್ಲಿ ಮಾತಾಡಿ ನೋಡ್ತೇನೆ.”

“ಬುಧವಾರ ಸಂಜೆಯವರೆಗೆ. ಅದರ ಮೇಲೆ ನನ್ನ ಹತ್ತಿರ ಆಗುವುದಿಲ್ಲ. ಮತ್ತೆ ಆ ಕಕ್ಕಿಂಜೆಯವನ ವರದಿ ಗುರುವಾರ ಹೋಗಬೇಕು, ಮರೀಬೇಡಿ. ಶನಿವಾರ ಪೆಟ್ಟಿಗೆ ಹೊತ್ತು ತಂದದ್ದು ಅವನೇ ಅಲ್ವಾ?”

ಹೌದು, ಅವನೇ. ಹದಿನಾರು ವರ್ಷದ, ಹೆಚ್ಚು ಮಾತಾಡದ ಹುಡುಗ. ಇಬ್ಬರು ದೊಡ್ಡ ಗಂಡಸರ ಜೊತೆ ಸೇರಿ ಊರಿನ ಮೊಬೈಲ್ ಅಂಗಡಿಯ ಬೀಗ ಒಡೆದ ಆರೋಪ ಅವನ ಮೇಲಿತ್ತು. ‘ನಾನು ಹೋಗಿರಲಿಲ್ಲ’ ಎಂಬ ಒಂದೇ ಮಾತನ್ನು ಮೊದಲ ದಿನದಿಂದ ಹೇಳುತ್ತಿದ್ದ. ಶುಕ್ರವಾರ ಮಂಡಳಿಯ ಎದುರು ಅವನ ಸರದಿ. ನನ್ನ ವರದಿ ಚೆನ್ನಾಗಿದ್ದರೆ ಮನೆಗೆ ಕಳಿಸುವ ಸಾಧ್ಯತೆ ಇತ್ತು. ಮನೆಯಲ್ಲಿ ಬೀಡಿ ಕಟ್ಟುವ ತಾಯಿ ಒಬ್ಬರೇ. ಅವರು ಮೆಟ್ಟಿಲಲ್ಲಿ ಬಿದ್ದು ಬಲಗೈ ಮುರಿದುಕೊಂಡಿದ್ದರು. ತಿಂಗಳುಗಳಾದರೂ ಮೂಳೆ ಕೂಡದೆ ಮತ್ತೆ ಪ್ಲಾಸ್ಟರು ಹಾಕಿದ್ದರು. ಕೈ ಇಲ್ಲದೆ ಬೀಡಿ ಹೇಗೆ ಕಟ್ಟುವುದು? ಮನೆಗೆ ಹೋಗಬೇಕು ಎಂಬ ಒಂದೇ ಆಸೆಯಲ್ಲಿ ಹುಡುಗ ದಿನ ಎಣಿಸುತ್ತಿದ್ದ. ಕತ್ತಿಯ ಸುದ್ದಿ ಅವನ ಹೆಸರಿನ ಜೊತೆ ಮಂಡಳಿಗೆ ಹೋದರೆ ಆ ಬಾಗಿಲು ಮುಚ್ಚಿದ ಹಾಗೆಯೇ.

ನಮ್ಮ ಗುಂಪು ಸಮಾಲೋಚನೆಯ ಕ್ರಮ ಸರಳವಾದದ್ದು. ಊಟದ ಕೋಣೆಯಲ್ಲಿ ಪ್ಲಾಸ್ಟಿಕ್ ಕುರ್ಚಿಗಳನ್ನು ಗುಂಡಗೆ ಇಡುತ್ತಿದ್ದೆವು, ಮಧ್ಯೆ ಮೇಜಿಲ್ಲ. ಒಂದು ತೆಂಗಿನ ಗೆರಟೆ, ಅಂದರೆ ಖಾಲಿ ಚಿಪ್ಪು, ಕೈಯಿಂದ ಕೈಗೆ ಹೋಗುತ್ತದೆ. ಅದು ಯಾರ ಕೈಯಲ್ಲಿದೆಯೋ ಅವರಷ್ಟೇ ಮಾತಾಡಬೇಕು. ಮಾತಾಡಲು ಇಷ್ಟವಿಲ್ಲದವನು ಸುಮ್ಮನೆ ಮುಂದೆ ದಾಟಿಸಬಹುದು. ಇಲ್ಲಿ ಹೇಳಿದ್ದು ಇಲ್ಲೇ ಇರಬೇಕು. ಈ ನಿಯಮಗಳು ಹುಡುಗರ ತಲೆಗೆ ಹೋಗಲು ನನಗೆ ನಾಲ್ಕು ತಿಂಗಳು ಹಿಡಿದಿತ್ತು.

ಸೋಮವಾರ ಮಧ್ಯಾಹ್ನ ರಬ್ಬರ್ ಕೆಲಸ ಕಲಿಯುವ ಆರೂ ಜನರನ್ನು ಕೂರಿಸಿದೆ. ಗೆರಟೆ ಮೂರು ಸುತ್ತು ಬಂತು. ಒಬ್ಬನೂ ಬಾಯಿ ಬಿಡಲಿಲ್ಲ. ಹುಡುಗರ ಹಾಸಿಗೆ, ಪೆಟ್ಟಿಗೆ, ಅಡುಗೆಮನೆಯ ಅಟ್ಟ, ಬಚ್ಚಲಿನ ಹಿಂದೆ, ಎಲ್ಲ ಕಡೆ ಜಾಲಾಡಿದೆವು. ಎಲೆ ಅಡಿಯ ಜಿಗಣೆ ಬಿಟ್ಟರೆ ತೋಟದಲ್ಲೂ ಏನೂ ಸಿಗಲಿಲ್ಲ. ಸಂಜೆ ಮೂಡುಬಿದಿರೆಯ ಬಸ್ಸಿನಲ್ಲಿ ಕೂತವಳು ನನ್ನ ಸ್ಟಾಪ್ ದಾಟಿ ಹೋಗಿ ಎರಡು ಮೈಲಿ ನಡೆದು ವಾಪಸ್ ಬಂದೆ. ತಲೆ ಅಷ್ಟು ಕೆಟ್ಟಿತ್ತು.

ಮಂಗಳವಾರ ಬೆಳಿಗ್ಗೆ ಹುಡುಗರನ್ನು ನೋಡಿಕೊಳ್ಳುವ ಪಾಲಕರು ನನ್ನ ಬಳಿ ಬಂದು ಸ್ವರ ತಗ್ಗಿಸಿದರು. “ಮೇಡಂ, ನಿಮ್ಮ ಗೆರಟೆಯಲ್ಲಿ ಇದು ಆಗುವ ಕೆಲಸ ಅಲ್ಲ. ದೀಪ ಮುಟ್ಟಿಸಿ ಆಣೆ ಹಾಕಿಸುವ. ದೈವಕ್ಕೆ ಬಿಡುವ. ತೆಗೆದವನ ಕೈ ನಡುಗದೆ ಇರ್ತದಾ?”

ಇಲ್ಲಿ ನಾನು ಬೇಡ ಎನ್ನಬೇಕಿತ್ತು. ಎನ್ನಲಿಲ್ಲ. ಇದು ಪಾಲಕರ ಮೂಢನಂಬಿಕೆ, ನಾನು ಅಸಹಾಯಕಳಾಗಿ ಒಪ್ಪಿದೆ ಎಂದು ಬರೆದರೆ ಸುಳ್ಳಾಗುತ್ತದೆ. ನನಗೂ ಅದರಲ್ಲಿ ನಂಬಿಕೆಯಿತ್ತು. ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಚಿಕ್ಕಮ್ಮನ ಕಿವಿಯೋಲೆ ಕಾಣೆಯಾಗಿ, ಅಜ್ಜಿ ದೈವಕ್ಕೆ ಹೇಳಿಕೊಂಡ ಮರುದಿನವೇ ಅದು ತುಳಸಿಕಟ್ಟೆಯ ಮೇಲೆ ಸಿಕ್ಕಿತ್ತು. ಸಮಾಜಕಾರ್ಯದಲ್ಲಿ ಎರಡು ವರ್ಷ ಓದಿದ್ದು ಒಂದು ಕಡೆ, ಆ ಓಲೆ ಇನ್ನೊಂದು ಕಡೆ. ಜೊತೆಗೆ ಅವಸರ ಬೇರೆ. “ಆಯ್ತು, ಮಾಡುವ” ಎಂದುಬಿಟ್ಟೆ.

ಊಟದ ಕೋಣೆಯಲ್ಲಿಯೇ ಮಾಡಿದೆವು, ಅದೇ ಗುಂಡಗಿಟ್ಟ ಕುರ್ಚಿಗಳ ಮಧ್ಯೆ. ಪಾಲಕರು ಕಾಲುದೀಪ ತಂದಿಟ್ಟು ಹಚ್ಚಿದರು. ಒಬ್ಬೊಬ್ಬನೇ ಬಂದು ದೀಪದ ಬುಡ ಮುಟ್ಟಿ, “ನಾನು ತೆಗೆದಿಲ್ಲ. ತೆಗೆದಿದ್ದರೆ ನಮ್ಮ ಮನೆ ದೈವ ನೋಡಿಕೊಳ್ಳಲಿ” ಎನ್ನಬೇಕು. ಮೊದಲ ನಾಲ್ವರು ಅಂದರು. ಐದನೆಯವನು ಬ್ಯಾರಿ ಹುಡುಗ. “ನಾನು ದೀಪ ಮುಟ್ಟುವುದಿಲ್ಲ, ಅಲ್ಲಾಹನ ಮೇಲೆ ಆಣೆ ಹಾಕ್ತೇನೆ” ಎಂದ. ಪಾಲಕರು ಅದಕ್ಕೂ ತಲೆಯಾಡಿಸಿದರು. “ನಿನ್ನದು ನಿನಗೆ ಮಾರಾಯ, ಹಾಕು.”

ಕಕ್ಕಿಂಜೆಯ ಹುಡುಗ ಕುರ್ಚಿಯಿಂದ ಏಳಲೇ ಇಲ್ಲ.

“ಬಾ ಮಾರಾಯ” ಎಂದರು ಪಾಲಕರು.

ಅವನು ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿ ಅವುಗಳ ಮೇಲೆ ಕೂತ. “ನಾನು ಮುಟ್ಟುವುದಿಲ್ಲ.”

“ಯಾಕೆ?”

“ಮುಟ್ಟುವುದಿಲ್ಲ.”

ಉಳಿದ ಐವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಷ್ಟರಲ್ಲಿ ತೀರ್ಪು ಆಗಿಹೋಯಿತು. ಹೊಡೆದು ಬಡಿದು ಹೇಳಿಸಿದರೂ ಅಷ್ಟು ಬೇಗ ಯಾರೂ ಅಪರಾಧಿಯಾಗುವುದಿಲ್ಲ. ಮಧ್ಯಾಹ್ನ ಊಟಕ್ಕೆ ಅವನ ಅಕ್ಕಪಕ್ಕದ ಜಾಗ ಖಾಲಿ. ಗುಂಪಿನಲ್ಲಿ ಯಾರಿಗಾದರೂ ಸುಮ್ಮನಿರುವ ಹಕ್ಕಿದೆ ಎಂದು ನಾಲ್ಕು ತಿಂಗಳು ಪಾಠ ಹೇಳಿದವಳು, ಸುಮ್ಮನಿದ್ದವನನ್ನು ಅದೇ ಗುಂಪಿನ ಮಧ್ಯೆ ಕಳ್ಳನನ್ನಾಗಿ ಮಾಡಿದ್ದೆ. ಛೆ! ಆ ದಿನ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಅದರ ಜೊತೆಗೇ, ಇವನೇ ಇರಬಹುದಲ್ಲ ಎಂಬ ಯೋಚನೆಯೂ ತಲೆಯಲ್ಲಿ ಗಿರಗಿರ ತಿರುಗುತ್ತಿತ್ತು.

ಬುಧವಾರ ಅವನನ್ನು ಒಬ್ಬನನ್ನೇ ಕರೆದೆ. ನನ್ನ ಕೋಣೆಯೆಂದರೆ ಅಕ್ಕಿ ಚೀಲ ಇಡುವ ಕೋಣೆಯ ಅರ್ಧ. ಅರ್ಧ ಗಂಟೆ ಕನ್ನಡದಲ್ಲಿ ಕೇಳಿದೆ. “ಗೊತ್ತಿಲ್ಲ ಮೇಡಂ”, “ಹಾಗೇನಿಲ್ಲ ಮೇಡಂ” ಎಂಬ ಶಾಲೆಯ ಉತ್ತರಗಳು. ತಾಳ್ಮೆ ತಪ್ಪಿ, “ಎಂಥ ಕರ್ಮ ಮಾರಾಯ, ಶುಕ್ರವಾರ ಮನೆಗೆ ಹೋಗಲಿಕ್ಕೆ ನಿನಗೆ ಮನಸ್ಸುಂಟಾ ಇಲ್ವಾ?” ಎಂದು ತುಳುವಿನಲ್ಲಿ ಗದರಿದೆ. ಆಗ ಅವನು ಅತ್ತ. ಆಮೇಲೆ ತುಳುವಿನಲ್ಲೇ ಮಾತಾಡಿದ. ಮೇಡಂ ಎಂಬುದು ಹೋಗಿ ಅಕ್ಕ ಎಂದಾಯಿತು.

ಅಂಗಡಿಯ ಬೀಗ ಒಡೆದ ಮರುದಿನ ದೊಡ್ಡಪ್ಪ ಅವನನ್ನು ಕುಟುಂಬದ ದೈವದ ಎದುರು ನಿಲ್ಲಿಸಿದ್ದರು. ‘ನಾನು ಹೋಗಿರಲಿಲ್ಲ’ ಎಂದು ಅವನು ದೀಪ ಮುಟ್ಟಿ ಹೇಳಿದ್ದ. ಹೋಗಿದ್ದ. ಹೊರಗೆ ನಿಂತು ದಾರಿ ಕಾದಿದ್ದ. “ಮೂರನೇ ದಿನ ಅಮ್ಮ ಬಿದ್ದರು ಅಕ್ಕ. ಬಲಗೈಯೇ ಮುರಿಯಿತು. ಇನ್ನೊಮ್ಮೆ ದೀಪ ಮುಟ್ಟಿದರೆ ಎಂತ ಆಗ್ತದೋ. ನಾನು ಸತ್ಯ ಹೇಳಿದರೂ ಅದಕ್ಕೆ ಗೊತ್ತಾಗ್ತದಾ? ನನ್ನ ಬಾಯಿ ಆಗಲೇ ಸುಳ್ಳಿನದ್ದು ಆಗಿದೆಯಲ್ಲ.”

ಮುಖ ತೊಳೆಯಲು ನೀರು ಕೊಟ್ಟು ಅವನನ್ನು ಕಳಿಸಿದೆ.

ನನ್ನ ಎದುರು ಕೂತಿದ್ದ ಸಂಕಟ ಇದು. ಅವನು ದೀಪ ಯಾಕೆ ಮುಟ್ಟಲಿಲ್ಲ ಎಂಬುದನ್ನು ವರದಿಯಲ್ಲಿ ಬರೆದರೆ ಕತ್ತಿಯ ಸಂಶಯ ಹೋಗುತ್ತದೆ. ಆದರೆ ಅಂಗಡಿಯ ಕಳ್ಳತನವನ್ನು ಅವನು ಒಪ್ಪಿಕೊಂಡ ಹಾಗಾಗುತ್ತದೆ. ಅದೂ ನನ್ನನ್ನು ನಂಬಿ ಹೇಳಿದ ಮಾತಿನಿಂದ. ಬರೆಯದಿದ್ದರೆ ಕತ್ತಿ ಅವನ ತಲೆಯ ಮೇಲೆ. ಇನ್ನೂ ಒಂದು ಹುಳ ಕೊರೆಯುತ್ತಿತ್ತು. ಈ ಕೆಲಸದಲ್ಲಿ ಅಳು ನೋಡಿ ಮೋಸಹೋದದ್ದು ನನಗೆ ಹೊಸತಲ್ಲ. ಕತ್ತಿಯನ್ನೂ ಇವನೇ ತೆಗೆದು, ಈಗ ಇನ್ನೊಂದು ನಿಜ ಹೇಳಿ ನನ್ನನ್ನು ಆಟ ಆಡಿಸುತ್ತಿದ್ದಾನಾ? ಅವನು ಹೋದ ಮೇಲೆ ಆ ಅಕ್ಕಿ ಕೋಣೆಯಲ್ಲಿ ಕಾಲು ಸುಟ್ಟ ಬೆಕ್ಕಿನ ಹಾಗೆ ತಿರುಗಿದೆ.

ಸಂಜೆ ಅಧೀಕ್ಷಕರು ಠಾಣೆಗೆ ತಿಳಿಸಿದರು. ನನಗೆ ಹೇಳಿದ್ದು ಇಷ್ಟು: “ವರದಿಯಲ್ಲಿ ಬರೆಯಿರಿ. ಎಲ್ಲರೂ ಪ್ರಮಾಣ ಮಾಡಿದರು, ಇವನೊಬ್ಬ ನಿರಾಕರಿಸಿದ. ಅಷ್ಟೇ. ನಾವು ಯಾರ ಮೇಲೂ ಹೇಳುವುದು ಬೇಡ. ಓದಿದವರಿಗೆ ಗೊತ್ತಾಗ್ತದೆ.”

ಗುರುವಾರ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಆ ಒಂದು ಪುಟಕ್ಕೆ ಕೂತೆ. ಅಧೀಕ್ಷಕರು ಹೇಳಿದ ವಾಕ್ಯದಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಅದಕ್ಕೇ ಅದನ್ನು ಬರೆಯಲು ನನ್ನ ಕೈ ಏಳಲಿಲ್ಲ. ಕತ್ತಿಯ ವಿಷಯವನ್ನೇ ಬಿಟ್ಟು ಬರೆದೆ, ಹರಿದೆ. ಹುಡುಗನ ಮೇಲೆ ಪೂರ್ಣ ನಂಬಿಕೆಯಿದೆ ಎಂದು ಬರೆದೆ, ಅದನ್ನೂ ಹರಿದೆ. ಕೊನೆಗೆ ಬರೆದದ್ದು ಇದು. ಕತ್ತಿಯೊಂದು ಕಾಣೆಯಾಗಿದೆ. ಅದನ್ನು ಹುಡುಕಲು ಸಮಾಲೋಚನೆಯ ಗುಂಪಿನಲ್ಲಿ ನಾನು ಪ್ರಮಾಣ ಮಾಡಿಸಿದೆ. ಅದು ನನ್ನ ತಪ್ಪು, ಸಮಾಲೋಚನೆಯ ಕ್ರಮಕ್ಕೆ ವಿರುದ್ಧ. ಒಬ್ಬ ಹುಡುಗ ನಿರಾಕರಿಸಿದ್ದಾನೆ. ಅದಕ್ಕೆ ಅವನದೇ ಆದ ಕಾರಣವಿದೆ, ಅದನ್ನು ಗುಟ್ಟಾಗಿಡುವ ಹೊಣೆ ನನ್ನದು. ಈ ನಿರಾಕರಣೆಯಿಂದ ಕತ್ತಿ ತೆಗೆದದ್ದು ಯಾರೆಂದು ಯಾವ ತೀರ್ಮಾನಕ್ಕೂ ಬರಲಾಗದು.

ಅಧೀಕ್ಷಕರು ಓದಿ ಕನ್ನಡಕ ತೆಗೆದರು. “ನಿಮ್ಮ ಕುತ್ತಿಗೆಗೆ ನೀವೇ ಹಗ್ಗ ಹಾಕಿಕೊಳ್ತಾ ಇದ್ದೀರಿ. ಮುಂದಿನ ವರ್ಷ ನಿಮ್ಮನ್ನು ಇಟ್ಟುಕೊಳ್ಳಬೇಕಾದವರೂ ಇದನ್ನು ಓದ್ತಾರೆ.”

“ಓದಲಿ ಸರ್.”

ಧೈರ್ಯದ ಮಾತೇನೋ ಆಡಿದೆ, ಹೊರಗೆ ಬಂದು ಕೈಯಲ್ಲಿರುವ ದುಡ್ಡು ಎಷ್ಟು ತಿಂಗಳಿಗೆ ಸಾಕೆಂದು ಲೆಕ್ಕ ಹಾಕಿದೆ.

ಶುಕ್ರವಾರ ಮಂಗಳೂರಿಗೆ ಹೋಗುವ ವ್ಯಾನಿನಲ್ಲಿ ಅವನಿಗೆ ಹೇಳಿಕೊಟ್ಟೆ. “ದೀಪದ ವಿಷಯ ಕೇಳಿದರೆ, ನನಗೆ ಇಷ್ಟ ಇರಲಿಲ್ಲ ಅಂತ ಹೇಳು. ಅಷ್ಟು ಸಾಕು. ಬೇರೆ ಎಂತದೂ ಬೇಡ.” ಅವನು ಹೂಂ ಎಂದ, ಕಿಟಕಿಯ ಹೊರಗೆ ನೋಡುತ್ತ.

ಮಂಡಳಿಯಲ್ಲಿ ಕಟಕಟೆ ಇರುವುದಿಲ್ಲ. ಉದ್ದ ಮೇಜು, ಒಂದು ಕಡೆ ಮ್ಯಾಜಿಸ್ಟ್ರೇಟ್ ಮತ್ತು ಇಬ್ಬರು ಸದಸ್ಯರು, ಇನ್ನೊಂದು ಕಡೆ ಹುಡುಗ, ಅವನ ವಕೀಲರು, ನಾನು. ತಾಯಿ ಗೋಡೆಯ ಬಳಿಯ ಬೆಂಚಿನಲ್ಲಿ ಕೂತಿದ್ದರು, ಪ್ಲಾಸ್ಟರು ಹಾಕಿದ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು. ಮ್ಯಾಜಿಸ್ಟ್ರೇಟ್ ಘಟ್ಟದ ಮೇಲಿನ ಕಡೆಯ ಹೆಂಗಸು, ತುಳು ಬಾರದು. ನನ್ನ ವರದಿಯನ್ನು ಎರಡು ಸಲ ಓದಿದರು. ನಾನು ಮುಚ್ಚಿಡಲು ಒದ್ದಾಡಿದ ಪ್ರಶ್ನೆಗೆ ನನ್ನ ವರದಿಯೇ ದಾರಿ ಮಾಡಿಕೊಟ್ಟಿತ್ತು.

“ನೀನು ಉತ್ತರ ಹೇಳಲೇಬೇಕು ಅಂತ ಇಲ್ಲ” ಎಂದರು ಅವರು. “ಆದರೂ ಕೇಳ್ತೀನಿ. ಯಾಕಪ್ಪ ಪ್ರಮಾಣ ಮಾಡಲಿಲ್ಲ?”

ಹುಡುಗ ನನ್ನ ಕಡೆ ನೋಡಿದ. ಆಮೇಲೆ ತಾಯಿಯ ಕಡೆ. ಹೇಳಿಕೊಟ್ಟ ಮಾತು ಬರುತ್ತದೆ ಎಂದು ನಾನು ಕಾದೆ.

“ಮೊದಲು ಒಂದು ಸಲ ಸುಳ್ಳು ಆಣೆ ಹಾಕಿದ್ದೆ” ಎಂದ. ವಕೀಲರು ಮೇಜಿನ ಕೆಳಗೆ ಅವನ ಕಾಲು ತುಳಿದದ್ದು ನನಗೆ ಕಂಡಿತು. ಅವನು ಕಾಲು ಹಿಂದಕ್ಕೆ ಎಳೆದುಕೊಂಡ. “ಅಂಗಡಿಗೆ ನಾನೂ ಹೋಗಿದ್ದೆ. ಹೊರಗೆ ನಿಂತಿದ್ದೆ. ಹೋಗಲಿಲ್ಲ ಅಂತ ದೈವದ ಹತ್ತಿರ ಸುಳ್ಳು ಹೇಳಿದೆ. ಅದಕ್ಕೆ ಅಮ್ಮನ ಕೈ ಮುರಿಯಿತು. ಕತ್ತಿ ನಾನು ತೆಗೆಯಲಿಲ್ಲ. ಆದರೆ ಆಣೆ ಹಾಕುವುದಿಲ್ಲ.”

ಬೆಂಚಿನಿಂದ ತಾಯಿ ಎದ್ದರು. ಯಾರೂ ಅವರನ್ನು ಮಾತಾಡಲು ಕರೆದಿರಲಿಲ್ಲ. ತುಳುವಿನಲ್ಲಿ ಒಂದೇ ಉಸಿರಿಗೆ ಏನೋ ಅಂದು, ಮಗನ ಕೆನ್ನೆಗೆ ಎಡಗೈಯಿಂದ ಒಂದು ಬಾರಿಸಿ, ಅದೇ ಕೈಯಿಂದ ಅವನ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡು ನಿಂತರು.

“ಏನಂದ್ರು?” ಮ್ಯಾಜಿಸ್ಟ್ರೇಟ್ ನನ್ನನ್ನು ಕೇಳಿದರು.

ನಾನು ಕನ್ನಡದಲ್ಲಿ ಹೇಳಬೇಕಾಯಿತು. “ಮೆಟ್ಟಿಲಲ್ಲಿ ಪಾಚಿ ಇತ್ತಂತೆ ಮೇಡಂ. ಅದಕ್ಕೇ ಜಾರಿ ಬಿದ್ದದ್ದಂತೆ. ಇದನ್ನು ಇಷ್ಟು ದಿನ ಒಬ್ಬನೇ ಯಾಕೆ ಹೊತ್ತುಕೊಂಡಿದ್ದೆ ಅಂತ ಕೇಳ್ತಾ ಇದ್ದಾರೆ.” ನಾಲ್ಕು ತಿಂಗಳ ಸಮಾಲೋಚನೆಯಲ್ಲಿ ನನ್ನಿಂದಾಗದ್ದು ಆ ಪಾಚಿಯ ಮಾತಿನಿಂದ ಆಯಿತು. ಹುಡುಗನ ಹೆಗಲು ಇಳಿದದ್ದನ್ನು ಕಣ್ಣಾರೆ ಕಂಡೆ.

ಮೂವರೂ ಹತ್ತು ನಿಮಿಷ ತಮ್ಮೊಳಗೆ ಮಾತಾಡಿದರು. ತಪ್ಪು ಒಪ್ಪಿಕೊಂಡಿದ್ದಾನೆ, ಅವನ ಪಾಲು ಸಣ್ಣದು, ಬುದ್ಧಿ ಹೇಳಿ ತಾಯಿಯ ಜೊತೆ ಮನೆಗೆ ಕಳಿಸುವುದು, ವಾರಕ್ಕೊಮ್ಮೆ ನಮ್ಮ ಸಮಾಲೋಚನೆಯ ಗುಂಪಿಗೆ ಬರಬೇಕು ಎಂದು ಆದೇಶವಾಯಿತು. ಕತ್ತಿಯ ವಿಚಾರಣೆ ಪೊಲೀಸರಿಗೆ ಬಿಟ್ಟದ್ದು ಎಂದರು. ಅಂದರೆ ಅದು ಇನ್ನೂ ಅವನ ಬೆನ್ನ ಹಿಂದೆಯೇ ಇತ್ತು. ಮೆಟ್ಟಿಲಿಳಿದು ಹೋಗುವಾಗ ತಾಯಿ ಅವನ ಅಂಗಿಯ ಕಾಲರನ್ನು ಬಿಡಲೇ ಇಲ್ಲ, ಎಲ್ಲಿ ಯಾರಾದರೂ ವಾಪಸ್ ಕರೆಯುತ್ತಾರೋ ಎಂಬ ಹಾಗೆ.

ಸೋಮವಾರ ಮೇಸ್ತ್ರಿ ಬರುವಾಗ ಅವರ ಕೈಯಲ್ಲಿ ಗೋಣಿಯ ಒಂದು ತುಂಡು ಇತ್ತು. ಅದರೊಳಗೆ ಸಾಣೆಕಲ್ಲು, ಸಾಣೆಕಲ್ಲಿನ ಜೊತೆ ಕತ್ತಿ. ಕತ್ತಿ ಕಾಣೆಯಾಗುವ ಮುಂಚಿನ ಶನಿವಾರ ಎಲ್ಲ ಮುಗಿದ ಮೇಲೆ, ಬಾಯಿ ಮುಕ್ಕಾದ ಒಂದನ್ನು ಮಸೆಯಲು ಸ್ಕೂಟರಿನಲ್ಲಿಟ್ಟು ಕೊಕ್ಕಡಕ್ಕೆ ಒಯ್ದು, ಕೊಟ್ಟಿಗೆಯ ಗಳುವಿಗೆ ಸಿಕ್ಕಿಸಿ ಮರೆತೇಬಿಟ್ಟಿದ್ದರು. ಅವರು ಅಳುವುದೊಂದು ಬಾಕಿ.

ಅವರನ್ನು ಗುಂಪಿನ ಮಧ್ಯೆ ಕೂರಿಸಿ, ಗೆರಟೆ ಕೊಟ್ಟು ಹೇಳಿಸಿದೆ. ಆಮೇಲೆ ನನ್ನ ತಪ್ಪು ನಾನು ಹೇಳಿದೆ. ಐವರೂ ಕೇಳಿಸಿಕೊಂಡರು. ಬ್ಯಾರಿ ಹುಡುಗ ಗೆರಟೆ ತೆಗೆದುಕೊಂಡು ಕೇಳಿದ: “ಮೇಸ್ತ್ರಿಯವರಿಗೆ ಯಾಕೆ ಮೇಡಂ ಆಣೆ ಹಾಕಿಸಲಿಲ್ಲ? ನೀವು, ಪಾಲಕರು, ಯಾರೂ ಹಾಕಲಿಲ್ಲ ಅಲ್ವಾ?”

ಮೇಸ್ತ್ರಿಯೇ ತಲೆ ತಗ್ಗಿಸಿ ಹೇಳಿದರು, “ಹಾಕಿಸಿದ್ದರೂ ನಾನು ಧೈರ್ಯದಲ್ಲಿ ಹಾಕ್ತಿದ್ದೆ ಮಗಾ. ನನಗೆ ನೆನಪೇ ಇರಲಿಲ್ಲ.”

ಅಂದೇ ಮಂಡಳಿಗೂ ಠಾಣೆಗೂ ಪತ್ರ ಕಳಿಸಿದೆವು. ಅಧೀಕ್ಷಕರು ಹುಡುಗನ ಮನೆಗೆ ಫೋನ್ ಮಾಡಿ ತಿಳಿಸಿದರು. ನನಗೆ ಫೋನು ಸಾಲದೆನಿಸಿತು. ಮಂಗಳವಾರ ರಜೆ ಹಾಕಿ ಬೆಳ್ತಂಗಡಿಗೆ ಹೋಗಿ, ಅಲ್ಲಿಂದ ಚಾರ್ಮಾಡಿ ಬಸ್ಸು ಹತ್ತಿ ಕಕ್ಕಿಂಜೆಯಲ್ಲಿ ಇಳಿದೆ.

ಹುಡುಗ ಜಗಲಿಯಲ್ಲಿ ಚಾಪೆ ಹಾಸಿ ಕೂತಿದ್ದ. ಎದುರಿಗೆ ಮೊರ, ಮೊರದ ತುಂಬ ಒದ್ದೆ ಬೀಡಿ ಎಲೆ. ಕತ್ತರಿಯಿಂದ ಅಳತೆಗೆ ಸರಿಯಾಗಿ ಕತ್ತರಿಸುತ್ತಿದ್ದ. ತಾಯಿ ಒಳಗೆ ಚಹಾ ಇಡಲು ಹೋದರು. ನಾನು ಅಂಗಳದಲ್ಲಿ ನಿಂತೇ ಕ್ಷಮೆ ಕೇಳಿದೆ. ಹದಿನಾರರ ಹುಡುಗನ ಎದುರು ಹೇಗೆ ಕೇಳುವುದೆಂದು ಬಸ್ಸಿನುದ್ದಕ್ಕೂ ಯೋಚಿಸಿದ್ದೆಲ್ಲ ಮರೆತು, “ತಪ್ಪಾಯ್ತು ಮಗಾ” ಎಂದಷ್ಟೇ ಬಂತು.

ಅವನು ಕತ್ತರಿ ಕೆಳಗಿಟ್ಟ. “ಒಂದು ಕೇಳ್ತೇನೆ ಅಕ್ಕ. ಆ ಕತ್ತಿ ನಾನು ತೆಗೆಯಲಿಲ್ಲ ಅಂತ ನಿಮಗೆ ನಂಬಿಕೆ ಇತ್ತಾ?”

ಇತ್ತು ಎಂದರೆ ಮುಗಿಯುತ್ತಿತ್ತು. ಅವನಿಗೂ ಸಂತೋಷ, ನನಗೂ ಹಗುರ. ನಾಲಿಗೆಯ ತುದಿಗೆ ಬಂದಿತ್ತು ಆ ಮಾತು.

“ಇರಲಿಲ್ಲ” ಎಂದೆ. “ಶುಕ್ರವಾರದವರೆಗೂ ಸಂಶಯ ಇತ್ತು. ನೀನೇ ಇರಬಹುದು ಅನ್ನಿಸ್ತಿತ್ತು.”

“ಮತ್ತೆ ಯಾಕೆ ಹಾಗೆ ಬರೆದದ್ದು?”

“ಗೊತ್ತಿಲ್ಲದ್ದನ್ನು ಗೊತ್ತುಂಟು ಅಂತ ಬರೆಯಲಿಕ್ಕೆ ಆಗಲಿಲ್ಲ.”

ನನಗೆ ಇಲ್ಲಿಂದ ಓಡಿಹೋಗುವ ಅನ್ನಿಸುತ್ತಿತ್ತು.

“ನಿನ್ನೆ ಅಧೀಕ್ಷಕರು ಫೋನ್ ಮಾಡಿದಾಗ ಪಾಲಕರೂ ಮಾತಾಡಿದರು, ಮೇಸ್ತ್ರಿಯವರೂ ಮಾತಾಡಿದರು” ಎಂದ. “ನೀನಲ್ಲ ಅಂತ ನಮಗೆ ಮೊದಲೇ ಗೊತ್ತಿತ್ತು ಅಂತ ಎಲ್ಲರೂ ಹೇಳಿದರು.” ಅವನ ಮುಖದಲ್ಲಿ ನಗು ಬಂತು. ನಾಲ್ಕು ತಿಂಗಳಲ್ಲಿ ನಾನು ಅದನ್ನು ನೋಡಿರಲಿಲ್ಲ.

ಆಮೇಲೆ ಮೊರವನ್ನು ಪಕ್ಕಕ್ಕೆ ಸರಿಸಿ, ಚಾಪೆಯ ಮೇಲೆ ಬಿದ್ದಿದ್ದ ಎಲೆಯ ಚೂರುಗಳನ್ನು ಅಂಗೈಯಿಂದ ಗುಡಿಸಿದ. “ನಿಂತೇ ಇದ್ದೀರಲ್ಲ ಅಕ್ಕ. ಬನ್ನಿ, ಕೂತುಕೊಳ್ಳಿ.”